ವಿಷಯ: ತೇಜಸ್ವಿನಿ

ಸುರಂಗ ಕ್ಯಾಂಪ್, ಕಿನ್ನೌರ್ ಜಿಲ್ಲೆ, ಹಿಮಾಚಲ
11 ಡಿಸೆಂಬರ್ 2023

ಹೊಸಕೊಪ್ಪಲಿನ ಆಶಾ ಕಾರ್ಯಕರ್ತೆ ಯಮುನ ಅವರಿಗೆ,

ನಾನು ಹುಚ್ಚಮ್ಮನ ಮಗ ಅಶ್ವಥ್, ತೇಜಸ್ವಿನಿಯ ಗಂಡ. ನಿಮ್ಮ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಬೇಲಿ ಮಾತ್ರ ಇದೆ, ನಿಮಗೆ ಪರಿಚಯ ಹೇಳಿಕೊಳ್ಳಬೇಕಾಗಿಲ್ಲ. ಆದರೆ ಈ ಕಾಗದವನ್ನು ನಾಳೆ ನಿಮ್ಮ ಮೇಲಿನವರೂ ಓದಬೇಕಾದೀತು. ಅವರಿಗಾಗಿ ಬರೆದಿದ್ದೇನೆ.

ಫೋನ್ ಮಾಡಬಹುದಿತ್ತು. ಇಲ್ಲಿ ಸಿಗ್ನಲ್ ಬೇಕೆಂದರೆ ನಾಲ್ಕು ಕಿಲೋಮೀಟರ್ ಗುಡ್ಡ ಹತ್ತಬೇಕು, ಪ್ರತಿ ಭಾನುವಾರ ಹತ್ತುತ್ತೇನೆ. ಆ ಕಷ್ಟಕ್ಕೆ ಹೆದರಿ ಬರೆಯುತ್ತಿಲ್ಲ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಇಲ್ಲ ಎನ್ನುವುದು ಸುಲಭ. ನನಗೆ ಉತ್ತರ ಬರಹದಲ್ಲೇ ಬೇಕು, ಸಹಿ ಹಾಕಿ.

ನಿನ್ನೆ ಪಕ್ಕದ ಮನೆಯ ನಂದೀಶನಿಗೆ ಫೋನ್ ಮಾಡಿದ್ದೆ. ಅವನ ಹೆಂಡತಿ ಮಾತಿನ ನಡುವೆ, "ತೇಜುಗೆ ವಂಕಿ ಹಾಕ್ಸಿದ್ಮೇಲೆ ಸ್ವಲ್ಪ ಸೊಂಟ್ನೋವು ಅಂತಿದ್ಲು, ಈಗ ಪರ್ವಾಗಿಲ್ಲ ಅಣ್ಣ" ಎಂದಳು. ಮಕ್ಕಳಾಗದ ಹಾಗೆ ಒಳಗೆ ಹಾಕಿಸುವ ಆ ವಂಕಿಯ ವಿಷಯ ನನಗೆ ಗೊತ್ತಿದೆ ಎಂದುಕೊಂಡು ಹೇಳಿದ್ದು. ನಾನು ಸುಮ್ಮನೆ ಹ್ಞೂಂ ಅಂದೆ. ಗುಡ್ಡ ಇಳಿಯುವಾಗ ಕಾಲು ಎಲ್ಲಿ ಇಡುತ್ತಿದ್ದೇನೆ ಎಂದು ತಿಳಿಯಲಿಲ್ಲ.

ಆಗಸ್ಟ್‌ನಲ್ಲಿ ಹಾಕಿಸಿದ್ದಂತೆ. ಅಕ್ಟೋಬರಿನಲ್ಲಿ ಆಯುಧಪೂಜೆಗೆ ನಾನು ಊರಿಗೆ ಬಂದಿದ್ದೆ. ಇಪ್ಪತ್ತು ದಿನ ಇದ್ದೆ. ನನ್ನ ಹೆಂಡತಿ ಬಾಯಿ ಬಿಡಲಿಲ್ಲ. ನೀವು ಬೇಲಿಯ ಆಚೆ ನಿಂತು, "ಏನ್ ಅಶ್ವಥ್, ಸಣ್ಣಗಾಗಿದೀಯ" ಅಂದಿರಿ. ಇಷ್ಟು ದೊಡ್ಡ ವಿಷಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಗುತ್ತಾ ಮಾತಾಡಿದಿರಿ.

ಗುಡ್ಡ ಇಳಿಯುವ ಮೊದಲೇ ಅಮ್ಮನಿಗೂ ಫೋನ್ ಮಾಡಿದ್ದೆ. ಅಮ್ಮ ಅತ್ತಳು. "ಆ ಯಮುನಾ ಬಂದು ಇವ್ಳ ತಲೆ ತಿರುಗ್ಸುದ್ಲು ಕಣ್ ಮಗ, ನಂಗೇನ್ ಗೊತ್ತು" ಅಂದಳು. ಓದು ಬರಹ ಇಲ್ಲದ ಮುದುಕಿಯ ಕಣ್ಣು ತಪ್ಪಿಸಿ ಅವಳ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೀರಿ.

ನನ್ನ ಪ್ರಶ್ನೆ ಮೂರೇ. ಗಂಡನನ್ನು ಕೇಳದೆ ಇದನ್ನು ಮಾಡಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು? ನನ್ನ ಅಮ್ಮನಿಗೆ ಹೇಳಿದ್ದಿರಾ? ನನಗೆ ಇರುವುದು ಎರಡು ಹೆಣ್ಣು ಮಕ್ಕಳು ಎಂದು ಗೊತ್ತಿದ್ದೂ ಯಾಕೆ ಹೀಗೆ ಮಾಡಿದಿರಿ?

ಅಶ್ವಥ್

•

ಹೊಸಕೊಪ್ಪಲು, ಕುಶಾಲನಗರ ತಾಲ್ಲೂಕು
30 ಡಿಸೆಂಬರ್ 2023

ಅಶ್ವಥ್ ಅವರಿಗೆ,

ಬರಹದಲ್ಲಿ ಕೇಳಿದ್ದೀರಿ, ಬರಹದಲ್ಲೇ ಕೊಡುತ್ತೇನೆ. ಒಂದು ಪ್ರತಿ ನನ್ನ ಬಳಿಯೂ ಇದೆ.

ಅಧಿಕಾರ ಕೊಟ್ಟವಳು ತೇಜಸ್ವಿನಿ. ಅವಳಿಗೆ ಇಪ್ಪತ್ನಾಲ್ಕು ವರ್ಷ. ಕಾಪರ್-ಟಿ ಹಾಕಿಸಿಕೊಳ್ಳಲು ಗಂಡನ ಸಹಿ ಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ನಿಮಗೆ ಹೇಳಬೇಕಾದವಳು ಅವಳು, ಹೇಳಬಾರದೆಂದು ಅವಳಿಗೆ ಅನಿಸಿದ್ದರೆ ಯಾಕೆ ಹಾಗನಿಸಿತು ಎಂದು ನೀವು ಯೋಚಿಸಬೇಕು. ನಾನು ಬೇಲಿಯ ಮೇಲಿಂದ ಕೂಗಿ ಹೇಳುವ ವಿಷಯ ಅದಲ್ಲ.

ಅವಳ ತಾಯಿ ಕಾರ್ಡ್ ನೀವು ನೋಡಿಲ್ಲ ಎಂದು ತಿಳಿದಿದ್ದೇನೆ. ದೊಡ್ಡ ಮಗು ಹುಟ್ಟಿದ್ದು 2021ರ ಡಿಸೆಂಬರ್‌ನಲ್ಲಿ, ಆಪರೇಷನ್ ಮಾಡಿ. ಚಿಕ್ಕದು 2023ರ ಫೆಬ್ರವರಿಯಲ್ಲಿ, ಮತ್ತೆ ಆಪರೇಷನ್. ಎರಡನೆಯದರಲ್ಲಿ ರಕ್ತಸ್ರಾವ ನಿಲ್ಲಲಿಲ್ಲ. ಮೂರು ಬಾಟಲಿ ರಕ್ತ ಕೊಟ್ಟರು. ಆಗ ಅವಳ ರಕ್ತದ ಅಂಶ ಆರು ಚಿಲ್ಲರೆ ಇತ್ತು, ಹನ್ನೊಂದರ ಮೇಲೆ ಇರಬೇಕು. ಡಾಕ್ಟರ್ ಅಂದೇ ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿ ಎಂದಿದ್ದರು. ನೀವು ಫೋನಿನಲ್ಲಿ ಬೇಡ ಅಂದಿರಿ, ನೆನಪಿದೆಯೇ? ಐದು ತಿಂಗಳು ಕಬ್ಬಿಣಾಂಶದ ಇಂಜೆಕ್ಷನ್, ಮಾತ್ರೆ ಎಲ್ಲ ಆಗಿ ಒಂಬತ್ತಕ್ಕೆ ಬಂದ ಮೇಲೆ ಕಾಪರ್-ಟಿ ಹಾಕಿದ್ದು. ಅದನ್ನು ಬೇಕೆಂದಾಗ ತೆಗೆಯಬಹುದು. ಮೂರು ವರ್ಷವಾದರೂ ಆ ಮೈಗೆ ಬಿಡುವು ಸಿಗಲಿ ಎಂದು ಹಾಕಿಸಿದ್ದು, ನಿಮ್ಮ ವಂಶ ನಿಲ್ಲಿಸಲು ಅಲ್ಲ.

ಸಲಹೆ ಕೊಟ್ಟವಳು ನಾನು. ಜೊತೆಗೆ ಹೋದವಳೂ ನಾನು. ನಿಮ್ಮ ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಿದ್ದೀರಿ. ಇದರಲ್ಲಿ ಬೇರೆಯವರನ್ನು ಎಳೆಯಬೇಡಿ. ದೂರು ಕೊಡುವುದಾದರೆ ನನ್ನ ಹೆಸರೊಂದನ್ನೇ ಬರೆಯಿರಿ, ಯಮುನ, ಗಂಡನ ಹೆಸರು ದಿವಂಗತ ಸಣ್ಣಸ್ವಾಮಿ.

ಚಳಿಗಾಲದಲ್ಲಿ ಅವಳು ಬೆಳಿಗ್ಗೆ ಆರಕ್ಕೆ ಜೀಪು ಹತ್ತಿ ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಪಿಕಿಂಗ್‌ಗೆ ಹೋಗುತ್ತಾಳೆ, ಕಾಫಿ ಚೀಲ ಹೊರುತ್ತಾಳೆ. ಅದನ್ನು ನಿಲ್ಲಿಸಿ ಎಂದು ನೀವು ಒಂದು ಮಾತು ಹೇಳಿದರೆ ಅದು ಅವಳಿಗೆ ಔಷಧಿಗಿಂತ ಹೆಚ್ಚು.

ಯಮುನ

•

ಸುರಂಗ ಕ್ಯಾಂಪ್
19 ಜನವರಿ 2024

ಯಮುನ ಅವರಿಗೆ,

ಕಾನೂನು ಓದಿಸುತ್ತೀರಿ. ನನ್ನ ಮನೆಯೊಳಗಿನ ಲೆಕ್ಕಕ್ಕೆ ಕಾನೂನು ತರುತ್ತೀರಿ.

ನಾನು ಹೇಗೆ ಬದುಕುತ್ತಿದ್ದೇನೆ ಎಂದು ನಿಮಗೆ ಗೊತ್ತೇ? ಬೆಟ್ಟದ ಹೊಟ್ಟೆಯೊಳಗೆ ಎರಡೂವರೆ ಕಿಲೋಮೀಟರ್ ಒಳಗೆ ಹಿಟಾಚಿ ಓಡಿಸುತ್ತೇನೆ. ಕಳೆದ ವಾರ ಮೇಲಿನ ಬಂಡೆ ಕುಸಿಯಿತು. ನನ್ನ ಪಾಳಿ ಮುಗಿದು ಹೊರಗೆ ಬಂದು ಟೀ ಕುಡಿಯುತ್ತಿದ್ದೆ. ನನ್ನ ಜಾಗದಲ್ಲಿ ಕೂತಿದ್ದ ಜಾರ್ಖಂಡಿನ ಹುಡುಗನ ಮೈ ಸಿಗಲು ಎರಡು ದಿನ ಬೇಕಾಯಿತು. ಆಮೇಲೆ ಎಲ್ಲರಿಂದಲೂ ಹೊಸದಾಗಿ ಫಾರಂ ತುಂಬಿಸಿದರು, ಸತ್ತರೆ ಯಾರಿಗೆ ತಿಳಿಸಬೇಕು ಎಂದು. ಹೆಂಡತಿ, ಎರಡು ಹೆಣ್ಣು ಮಕ್ಕಳು ಎಂದು ಬರೆದೆ. ಗುಮಾಸ್ತ ಓದಿ, "ಬೇಟಾ ನಹೀಂ?", ಗಂಡು ಮಗ ಇಲ್ಲವೇ ಎಂದು ಕೇಳಿ ಪಕ್ಕಕ್ಕೆ ಇಟ್ಟ. ಅಪ್ಪ ಸತ್ತಾಗ ನಾನು ಇದ್ದೆ, ಬೆಂಕಿ ಇಟ್ಟೆ. ನನಗೆ ಯಾರು? ಇದನ್ನು ಕೇಳಿದರೆ ನೀವು ನಗುತ್ತೀರಿ. ನಗಿ.

ಮಕ್ಕಳಿಲ್ಲದವರಿಗೆ ಇನ್ನೊಬ್ಬರ ಮಕ್ಕಳ ಬೆಲೆ ತಿಳಿಯದು. ನೀವು ಒಂದು ಹೆತ್ತು ಸಾಕಿದ್ದರೆ ಇಂಥ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಊರಿನ ಗಂಡಸರ ಬಾಯಲ್ಲಿ ಈ ಮಾತು ಬಹಳ ದಿನದಿಂದ ಇದೆ, ನಾನು ಬರೆದು ಹೇಳುತ್ತಿದ್ದೇನೆ ಅಷ್ಟೇ.

ಮೇಲಿನ ಕಚೇರಿಗೆ ದೂರು ಕಳಿಸಿದ್ದೇನೆ. ಗಂಡನಿಗೂ ಅತ್ತೆಗೂ ತಿಳಿಸದೆ, ಏನೂ ತಿಳಿಯದ ಹೆಂಗಸನ್ನು ಹೆದರಿಸಿ ಮಾಡಿಸಿದ್ದೀರಿ ಎಂದು ಬರೆದಿದ್ದೇನೆ. ತೇಜಸ್ವಿನಿಗೆ ಹೇಳಿದ್ದೇನೆ: ಈ ತಿಂಗಳೊಳಗೆ ತೆಗೆಸಬೇಕು, ಇಲ್ಲದಿದ್ದರೆ ನಾನು ಇನ್ನು ಊರಿಗೇ ಬರುವುದಿಲ್ಲ. ಅಮ್ಮನೇ ಕರೆದುಕೊಂಡು ಹೋಗುತ್ತಾಳೆ. ನೀವು ನಮ್ಮ ಹೊಸಿಲು ತುಳಿಯಬೇಡಿ.

ಅಶ್ವಥ್

•

ಹೊಸಕೊಪ್ಪಲು
8 ಫೆಬ್ರವರಿ 2024

ಅಶ್ವಥ್ ಅವರಿಗೆ,

ನೀವು ಹೇಳಿದ ಹಾಗೇ ಆಗಿದೆ. ಜನವರಿ ಮೂವತ್ತರಂದು ಕಾಪರ್-ಟಿ ತೆಗೆದರು. ನಾನು ಒಳಗೆ ಹೋಗಲಿಲ್ಲ, ಆರೋಗ್ಯ ಕೇಂದ್ರದ ಜಗಲಿಯ ಮೇಲೆ ಕೂತಿದ್ದೆ. ಲೇಡಿ ಡಾಕ್ಟರ್ ಮೂರು ಸಲ ಕೇಳಿದ್ದು ಹೊರಗೆ ಕೇಳಿಸಿತು. "ನಿಂಗೆ ಇಷ್ಟ ಇದ್ಯಾ ತೇಜಸ್ವಿನಿ?" ಮೂರು ಸಲವೂ ಅವಳು, "ತೆಗ್ದುಬಿಡಿ ಮೇಡಂ" ಎಂದಳು. ಇಷ್ಟ ಇದೆ ಎನ್ನಲಿಲ್ಲ. ನಿಮ್ಮ ಅಮ್ಮ ಹೊರಗೆ ನನ್ನ ಎದುರಿಗೇ ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

ಈಗ ನಿಮ್ಮ ಇನ್ನೊಂದು ಮಾತು. ನಾನು ಇದಕ್ಕೆ ಉತ್ತರ ಕೊಡಬಾರದೆಂದೇ ಹತ್ತು ದಿನ ಕಾದೆ.

ನಾನೂ ಹೆತ್ತಿದ್ದೇನೆ. ಭಾಗಮಂಡಲದಾಚೆಯ ಒಂದು ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಇದ್ದೆವು. ನೋವು ಶುರುವಾಗಿ ಹದಿನಾರು ಗಂಟೆಯ ಮೇಲೆ ಜೀಪು ಸಿಕ್ಕಿತು. ಮಡಿಕೇರಿ ಇನ್ನೂ ದೂರ ಇರುವಾಗ ಜೀಪಿನಲ್ಲೇ ಹುಟ್ಟಿತು, ಅಳಲಿಲ್ಲ. ಆರು ವರ್ಷ ಆದ ಮೇಲೆ ಬಿಳುಪು ಹೋಗುತ್ತದೆ ಎಂದು ಒಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿಯ ಡಾಕ್ಟರ್ ನನ್ನ ಕಡೆ ನೋಡದೆ ನನ್ನ ಗಂಡನಿಗೆ, "ಇಟ್ಕೊಂಡ್ರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗ್ಸಿಬಿಡಿ" ಎಂದರು. ಮೂರು ದಿನದಲ್ಲಿ ತೆಗೆದರು. ನನಗೆ ಇಪ್ಪತ್ತೆಂಟು ವರ್ಷ. ಒಂದು ವಾರದ ಮಾತ್ರೆಯಲ್ಲಿ ಹೋಗುವ ಸೋಂಕು ಅದು ಎಂದು ನನಗೆ ಗೊತ್ತಾಗಿದ್ದು ಆಶಾ ತರಬೇತಿಗೆ ಕೂತ ದಿನ. ಅಂದು ಊಟ ಮಾಡಲಿಲ್ಲ. ಇನ್ನು ನಿಮ್ಮ ಊರಿನ ಗಂಡಸರು ಏನು ಬೇಕಾದರೂ ಹೇಳಿಕೊಳ್ಳಲಿ.

ಕಟ್ಟಕಡೆಯದಾಗಿ ಕೇಳಿ. ತೇಜಸ್ವಿನಿಯ ಹೊಟ್ಟೆಯಲ್ಲಿ ಎರಡು ಹೊಲಿಗೆಯ ಗಾಯ ಒಂದರ ಮೇಲೊಂದು ಇದೆ. ಇನ್ನು ಎರಡು ವರ್ಷ ಅವಳು ಬಸುರಿಯಾಗಬಾರದು. ಆ ಮೇಲೆ ಗಂಡೋ ಹೆಣ್ಣೋ ನಿಮ್ಮ ಹಣೆಬರಹ. ಎರಡು ವರ್ಷ ಕಾಯಿರಿ. ಇದು ಬೇಡಿಕೊಳ್ಳುವುದು ಎಂದು ತಿಳಿದರೂ ನನಗೆ ಬೇಸರವಿಲ್ಲ.

ಯಮುನ

•

ಸುರಂಗ ಕ್ಯಾಂಪ್
16 ಜೂನ್ 2024

ಯಮುನ ಅವರಿಗೆ,

ನಿಮ್ಮ ಫೆಬ್ರವರಿಯ ಕಾಗದಕ್ಕೆ ಉತ್ತರ ಬರೆಯುವುದು ಬೇಡ ಎಂದುಕೊಂಡಿದ್ದೆ. ಈಗ ಬರೆಯಲು ಕಾರಣ ಬಂದಿದೆ. ಯುಗಾದಿಗೆ ಊರಿಗೆ ಬಂದಿದ್ದೆ, ನಿಮಗೆ ಗೊತ್ತು. ಬೇಲಿಯ ಹತ್ತಿರ ಬಂದವರು ನನ್ನನ್ನು ನೋಡಿ ಒಳಗೆ ಹೋದಿರಿ. ತೇಜಸ್ವಿನಿಗೆ ಈಗ ಮೂರನೇ ತಿಂಗಳು. ಅಮ್ಮ ಫೋನಿನಲ್ಲಿ ಹೇಳಿದಳು. ಅವಳ ದನಿ ಸ್ವಲ್ಪ ಒಡೆದಿತ್ತು, ಸಂತೋಷಕ್ಕೆ ಮಾತೇ ಹೊರಡಲಿಲ್ಲ.

ನಿಮ್ಮನ್ನು ನಮ್ಮ ಬೀದಿಯಿಂದ ಬಿಡಿಸಿ ಬೇರೆ ಆಶಾಗೆ ಕೊಟ್ಟಿದ್ದಾರೆ ಎಂದು ನಂದೀಶ ಹೇಳಿದ. ನ್ಯಾಯ ಇನ್ನೂ ಇದೆ. ನೀವು ಎರಡು ವರ್ಷ ಅಂದಿರಿ. ನನಗೆ ಮುಂದಿನ ಎರಡು ವರ್ಷ ಇದೆಯೋ ಇಲ್ಲವೋ, ಈ ಬೆಟ್ಟವನ್ನು ಕೇಳಬೇಕು.

ನಮ್ಮ ಮನೆಯ ವಿಷಯಕ್ಕೆ ಇನ್ನು ಬರಬೇಡಿ. ಅಮ್ಮ ನೋಡಿಕೊಳ್ಳುತ್ತಾಳೆ. ಏಳು ಹೆತ್ತವಳು ಅವಳು, ಪುಸ್ತಕ ಓದಿ ಕಲಿತವಳಲ್ಲ.

ಅಶ್ವಥ್

•

ಹೊಸಕೊಪ್ಪಲು
2 ಜುಲೈ 2024

ಅಶ್ವಥ್ ಅವರಿಗೆ,

ಹೊಸ ಆಶಾ ರಂಜಿತಾ ಒಳ್ಳೆಯ ಹುಡುಗಿ. ಆದರೆ ಅವಳಿಗೆ ಮೂರು ಹಳ್ಳಿ, ತಿಂಗಳಿಗೊಮ್ಮೆ ಬರುತ್ತಾಳೆ. ಬಂದಾಗ ನಿಮ್ಮ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತ್ರೆ ತೆಗೆದುಕೊಂಡು ಕಳಿಸುತ್ತಾರೆ. ನೀವೇ ಹಾಗೆ ಹೇಳಿದ್ದೀರಂತೆ.

ನಾನು ನಿಮ್ಮ ಹೊಸಿಲು ತುಳಿದಿಲ್ಲ. ಬೇಲಿಯ ಆಚೆಯಿಂದ ಕಾಣುವುದನ್ನು ಕಾಣದ ಹಾಗೆ ಮಾಡಿಕೊಳ್ಳಲು ನನಗೆ ಬರುವುದಿಲ್ಲ. ಕಂಡದ್ದು ಇಷ್ಟು: ಅವಳು ಬಾವಿಕಟ್ಟೆಯಲ್ಲಿ ಒಂದು ಕೊಡ ಎತ್ತಿ ಎರಡು ಸಲ ಕೂತುಕೊಳ್ಳುತ್ತಾಳೆ. ಉಗುರು ಬಟ್ಟೆ ಒಗೆಯುವ ಕಲ್ಲಿನ ಹಾಗೆ ಬೆಳ್ಳಗಿದೆ. ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನೂ ನೋಡಿದೆ. ಅದು ಬಯಕೆಯಲ್ಲ, ರಕ್ತ ಇಲ್ಲದವರು ಮಾಡುವುದು. ಎಲ್ಲರದ್ದೂ ಊಟ ಆದ ಮೇಲೆ ಅವಳು ತಟ್ಟೆ ಇಟ್ಟುಕೊಳ್ಳುತ್ತಾಳೆ. ಚಿಕ್ಕದು ಇನ್ನೂ ಎದೆಹಾಲು ಬಿಟ್ಟಿಲ್ಲ.

ಮುಂದಿನ ವಾರದಿಂದ ಪರಮೇಶಪ್ಪನವರ ಹೊಗೆಸೊಪ್ಪಿನ ಕೆಲಸಕ್ಕೆ ಹೆಂಗಸರನ್ನು ಕರೆಯುತ್ತಿದ್ದಾರೆ. ಅವಳನ್ನು ಕಳಿಸಬೇಡಿ. ಹಸಿ ಎಲೆಯ ರಸ ಕೈಗೆ ಇಳಿದರೆ ತಲೆ ಸುತ್ತಿ ವಾಂತಿಯಾಗುತ್ತದೆ, ಗಟ್ಟಿ ಹೆಂಗಸರಿಗೇ ಆಗುತ್ತದೆ.

ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿಸಲೇಬೇಕು. ಎರಡು ಆಪರೇಷನ್ ಆದವರಿಗೆ ಮಾಸು ಕೆಳಗೆ ಕೂತು ಹಳೆಯ ಗಾಯಕ್ಕೆ ಅಂಟಿಕೊಳ್ಳುವುದುಂಟು. ಮೊದಲೇ ಗೊತ್ತಾದರೆ ಉಳಿಸಬಹುದು. ನಾನು ಕರೆದುಕೊಂಡು ಹೋಗುವುದು ಬೇಡವಾದರೆ ಯಾರಾದರೂ ಕರೆದುಕೊಂಡು ಹೋಗಲಿ. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಬೇಡಿ.

ಯಮುನ

•

ಸುರಂಗ ಕ್ಯಾಂಪ್
25 ಜುಲೈ 2024

ನೀವು ನನ್ನ ಹೆಂಡತಿಯ ಉಗುರು ನೋಡುತ್ತೀರಿ, ತಟ್ಟೆ ನೋಡುತ್ತೀರಿ, ಬಾಯಿ ನೋಡುತ್ತೀರಿ. ಬೇಲಿಗೆ ಮುಳ್ಳು ಹಾಕಿಸಲು ನಂದೀಶನಿಗೆ ಹೇಳಿದ್ದೇನೆ.

ನಮ್ಮಮ್ಮ ನನ್ನನ್ನು ಹೆತ್ತ ದಿನ ಬೆಳಿಗ್ಗೆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಹೆತ್ತು ಒಂಬತ್ತನೇ ದಿನಕ್ಕೆ ಹುಲ್ಲಿನ ಹೊರೆ ಹೊತ್ತಳು. ಏನೂ ಆಗಲಿಲ್ಲ, ಇವತ್ತಿಗೂ ಗಟ್ಟಿಯಾಗಿದ್ದಾಳೆ. ಹೆದರಿಸುವುದು ನಿಮ್ಮ ಕಸುಬು.

ಸ್ಕ್ಯಾನ್ ನಾನು ದಸರಾಕ್ಕೆ ಬಂದಾಗ ನಾನೇ ಮಾಡಿಸುತ್ತೇನೆ. ಇನ್ನು ನಿಮ್ಮ ಕಾಗದ ಬಂದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಅಶ್ವಥ್

•

ಹೊಸಕೊಪ್ಪಲು
4 ಅಕ್ಟೋಬರ್ 2024

ಅಶ್ವಥ್ ಅವರಿಗೆ,

ಇದನ್ನು ಒಲೆಗೆ ಹಾಕಬೇಡಿ. ತೇಜಸ್ವಿನಿ ಬದುಕಿದ್ದಾಳೆ. ಮಗು ಉಳಿಯಲಿಲ್ಲ. ನಿಮ್ಮ ಕ್ಯಾಂಪಿನ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿಸಿದೆವು, ಗುಡ್ಡ ಜರಿದು ರಸ್ತೆ ಮುಚ್ಚಿದೆ, ತಿಳಿಸುತ್ತೇವೆ ಎಂದರು. ಅವರು ಎಷ್ಟು ತಿಳಿಸಿದರೋ ಗೊತ್ತಿಲ್ಲ. ನೀವು ಊರಿಗೆ ಬರುವ ಮೊದಲು ಎಲ್ಲವನ್ನೂ ಓದಿಕೊಂಡು ಬನ್ನಿ.

ಸೆಪ್ಟೆಂಬರ್ ಇಪ್ಪತ್ತೊಂದು, ಶನಿವಾರ, ಹನ್ನೊಂದು ಗಂಟೆ. ಅವಳು ಪರಮೇಶಪ್ಪನವರ ಚಪ್ಪರದಲ್ಲಿ ಕಡ್ಡಿಗೆ ಹೊಗೆಸೊಪ್ಪು ಕಟ್ಟುತ್ತಿದ್ದಳು. ನೋವಿಲ್ಲ, ಏನಿಲ್ಲ, ಕೂತಲ್ಲೇ ರಕ್ತ ಹೋಯಿತು. ನಡೆದುಕೊಂಡೇ ಮನೆಗೆ ಬಂದಿದ್ದಾಳೆ. ನಿಮ್ಮ ಅಮ್ಮ ಹಿತ್ತಲಿಗೆ ಓಡಿ ಬಂದು, "ಯಮುನಾ, ಬಾರವ್ವಾ, ಹೋಗ್ಬುಟ್ಟದೆ ಬಾರವ್ವಾ" ಎಂದು ಕೂಗಿದರು. ನಿಮ್ಮ ಮುಳ್ಳಿನ ಬೇಲಿ ದಾಟಿದೆ. ನಿಮ್ಮ ಹೊಸಿಲನ್ನೂ ತುಳಿದೆ.

ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಎಂದರು. ನಂದೀಶ ತನ್ನ ಪಿಕಪ್‌ನಲ್ಲಿ ಹಾಸಿಗೆ ಹಾಕಿ ಕರೆದುಕೊಂಡು ಹೊರಟ. ಕುಶಾಲನಗರದಲ್ಲಿ ಡ್ರಿಪ್ ಹಾಕಿ ಮಡಿಕೇರಿಗೆ ಕಳಿಸಿದರು. ದಾರಿಯಲ್ಲಿ ಅವಳು ಒಂದೇ ಮಾತು ಕೇಳುತ್ತಿದ್ದಳು. "ಅಕ್ಕ, ಅವ್ರು ಬೈತಾರಾ?" ಸುಂಟಿಕೊಪ್ಪ ದಾಟಿದ ಮೇಲೆ ಅದನ್ನೂ ಕೇಳಲಿಲ್ಲ.

ನಾನು ಜುಲೈಯಲ್ಲಿ ಬರೆದದ್ದೇ ಆಗಿತ್ತು. ಮಾಸು ಹಳೆಯ ಗಾಯದೊಳಗೆ ಬೇರು ಬಿಟ್ಟಿತ್ತು. ಸ್ಕ್ಯಾನ್ ಆಗಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ರಕ್ತದ ಅಂಶ ಐದು. ಆರು ಬಾಟಲಿ ರಕ್ತ ಬೇಕಾಯಿತು, ನಂದೀಶ ಕೊಟ್ಟ, ಕಾಲೇಜಿನ ಇಬ್ಬರು ಹುಡುಗಿಯರು ಕೊಟ್ಟರು. ಮಗುವನ್ನು ತೆಗೆದರು. ಆರನೇ ತಿಂಗಳು, ಅಂಗೈಯಷ್ಟಿತ್ತು. ಅರ್ಧ ಗಂಟೆ ಉಸಿರಾಡಿತು. ಮಾಸು ಕಿತ್ತು ಬರಲಿಲ್ಲ, ಗರ್ಭಕೋಶ ತೆಗೆಯದಿದ್ದರೆ ತಾಯಿ ಹೋಗುತ್ತಾಳೆ ಎಂದರು. ಅವಳಿಗೆ ಪ್ರಜ್ಞೆ ಇರಲಿಲ್ಲ. ನಿಮ್ಮ ಫೋನ್ ಸಿಗಲಿಲ್ಲ. ನಿಮ್ಮ ಅಮ್ಮ ಹೆಬ್ಬೆಟ್ಟು ಒತ್ತಿದರು.

ಈಗ ನಾನು ನಿಮಗೆ ಹೇಳದೆ ಉಳಿಸಿಕೊಂಡದ್ದು.

ಹೋದ ವರ್ಷ ಆಗಸ್ಟ್‌ನಲ್ಲಿ ತೇಜಸ್ವಿನಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದವಳು ನಾನಲ್ಲ. ನಿಮ್ಮ ಅಮ್ಮ. ದೇವಸ್ಥಾನಕ್ಕೆ ಹೋಗುತ್ತೇವೆ ಎಂದು ಬೀದಿಯಲ್ಲಿ ಕೇಳಿದವರಿಗೆ ಹೇಳಿ, ಸೊಸೆಯ ಕೈ ಹಿಡಿದುಕೊಂಡು ಬಂದರು. ನಾನು ಅಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದೆ. "ಇವ್ಳಿಗೇನಾರ ಮಾಡ್ಸವ್ವ. ಇನ್ನೊಂದ್ ಹೆತ್ರೆ ಇವ್ಳು ಉಳ್ಯಕಿಲ್ಲ. ನನ್ ಗತಿ ಇವ್ಳಿಗ್ ಬ್ಯಾಡ" ಎಂದರು. ನಿಮ್ಮ ಗತಿ ಏನು ಎಂದು ಕೇಳಿದೆ. ಪಕ್ಕದ ಕೋಣೆಗೆ ಕರೆದು ತೋರಿಸಿದರು. ಗರ್ಭಕೋಶ ಜಾರಿ ಪೂರ್ತಿ ಹೊರಗೆ ಬಂದಿದೆ. ಹಳೆಯ ಸೀರೆಯ ತುಂಡು ಕಟ್ಟಿಕೊಂಡು ತಿರುಗುತ್ತಾರೆ. ಮೂತ್ರಕ್ಕೆ ಹೋಗಬೇಕಾದರೆ ಕೈಯಲ್ಲಿ ಒಳಗೆ ಒತ್ತಿಕೊಳ್ಳಬೇಕು. ಯಾವಾಗಿನಿಂದ ಎಂದೆ. "ನನ್ ಮಗ ಹುಟ್ಟಿ ಒಂಬತ್ನೇ ದಿನುಕ್ಕೆ ಹುಲ್ ಹೊರೆ ಹೊತ್ನಲ್ಲ, ಆಗಿಂದ" ಎಂದರು. ನಿಮಗೆ ಮೂವತ್ತೊಂದು ವರ್ಷ. ಮೂವತ್ತೊಂದು ವರ್ಷ ಯಾರಿಗೂ ಹೇಳಿರಲಿಲ್ಲ, ಇದ್ದಷ್ಟು ದಿನ ನಿಮ್ಮ ಅಪ್ಪನಿಗೂ. ಏಳು ಹೆತ್ತರು, ನಾಲ್ಕು ಮಣ್ಣು ಮಾಡಿದರು. ಏನೂ ಆಗಲಿಲ್ಲ ಎಂದು ನೀವು ಬರೆದಿದ್ದೀರಿ.

ಮಗನಿಗೆ ಹೇಳಬೇಡ ಎಂದು ನನ್ನ ಕೈ ಮೇಲೆ ಆಣೆ ಹಾಕಿಸಿಕೊಂಡರು. ಅದಕ್ಕೇ ನನ್ನ ಹೆಸರು ಬರೆಯಿರಿ ಎಂದೆ. ನೀವು ಇನ್ನು ಊರಿಗೇ ಬರುವುದಿಲ್ಲ ಎಂದಾಗ ಅವರು ಹೆದರಿದರು. ಮತ್ತೆ ಅದೇ ಸೊಸೆಯ ಕೈ ಹಿಡಿದುಕೊಂಡು ಹೋಗಿ ತೆಗೆಸಿದರು. ಮಡಿಕೇರಿ ಆಸ್ಪತ್ರೆಯ ಬೆಂಚಿಗೆ ಒರಗಿ ನಿಂತು ಶಾಯಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸುತ್ತಾ, "ಬರಿ ಯಮುನಾ, ಎಲ್ಲಾನೂ ಬರಿ. ಹೆತ್ತವ್ಳು ನಾನು, ಇದ ಅವ್ನಿಗೆ ನನ್ ಬಾಯಲ್ ಹೆಂಗ್ ಹೇಳ್ಲಿ?" ಎಂದರು.

ಬರೆದಿದ್ದೇನೆ. ತೇಜಸ್ವಿನಿಯನ್ನು ಅವಳ ಅಣ್ಣ ಬಂದು ಅರಕಲಗೂಡಿಗೆ ಕರೆದುಕೊಂಡು ಹೋದ, ಮಕ್ಕಳ ಸಮೇತ.

ಯಮುನ

•

ಸುರಂಗ ಕ್ಯಾಂಪ್
12 ನವೆಂಬರ್ 2024

ಯಮುನಕ್ಕನಿಗೆ,

ನಿಮ್ಮ ಕಾಗದ ಸಿಕ್ಕಿದ ಮೂರನೇ ದಿನ ಊರಿಗೆ ಹೊರಟೆ. ನೀವು ನನ್ನನ್ನು ನೋಡಿದಿರಿ, ನಾನೂ ನೋಡಿದೆ, ಇಬ್ಬರೂ ಮಾತಾಡಲಿಲ್ಲ. ಎದುರಿಗೆ ನಿಂತು ಆಡಲು ಆಗದ್ದನ್ನು ಇಲ್ಲಿಗೆ ಬಂದು ಬರೆಯುತ್ತಿದ್ದೇನೆ.

ಅರಕಲಗೂಡಿಗೆ ಹೋದೆ. ಅವಳ ಅಣ್ಣ ಗೇಟಿನಲ್ಲಿ ಅಡ್ಡ ನಿಂತ. ಅವಳೇ ಹೊರಗೆ ಬಂದಳು. ಗೋಡೆ ಹಿಡಿದುಕೊಂಡು ಬಂದಳು. ಚಿಕ್ಕವಳನ್ನು ನನ್ನ ಕೈಗೆ ಕೊಟ್ಟಳು. ಹತ್ತು ನಿಮಿಷ ಇದ್ದೆ. ಆಮೇಲೆ ವಾಪಸ್ ತೆಗೆದುಕೊಂಡು ಒಳಗೆ ಹೋದಳು. ಬಯ್ಯಲಿಲ್ಲ, ಅಳಲಿಲ್ಲ.

ಮನೆಯಲ್ಲಿ ಅಮ್ಮ ಇದ್ದಳು. ಐದು ದಿನ ಇಬ್ಬರೇ ಇದ್ದೆವು. ಅವಳು ನೆಲದಿಂದ ಏಳುವಾಗ ಒಂದು ಕೈಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ಏಳುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅವಳ ಅಭ್ಯಾಸ ಎಂದುಕೊಂಡಿದ್ದೆ. ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆದರೆ ನಿಮ್ಮನ್ನು ಕೇಳುತ್ತೇನೆ. ಹೋದ ಡಿಸೆಂಬರಿನಲ್ಲೇ ನಾನು ನೇರವಾಗಿ ಕೇಳಿದ್ದೆ, ಅಮ್ಮನಿಗೆ ಗೊತ್ತಿತ್ತೇ ಎಂದು. ನೀವು ಆಗಲೇ ನಿಜ ಬರೆದಿದ್ದರೆ? ಜೊತೆಗೆ ಹೋದವಳು ನಾನು ಎಂದು ನೀವು ಸುಳ್ಳು ಬರೆದಿರಿ, ಸಹಿ ಹಾಕಿ. ನಾನು ನಿಮ್ಮ ಜೊತೆ ಜಗಳ ಆಡುತ್ತಿದ್ದೇನೆ ಎಂದುಕೊಂಡು ಅಮ್ಮನ ಜೊತೆ, ತೇಜುವಿನ ಜೊತೆ ಆಡಿದೆ. ಅಮ್ಮನ ಮಾತು ಎಂದು ಗೊತ್ತಿದ್ದರೆ ನಾನು ಕೇಳುತ್ತಿದ್ದೆ. ಈ ಸಾವಿನಲ್ಲಿ ನಿಮ್ಮದೂ ಪಾಲಿದೆ ಅಕ್ಕ. ನನ್ನದು ಇಲ್ಲ ಎನ್ನುತ್ತಿಲ್ಲ.

ದೂರು ವಾಪಸ್ ತೆಗೆದುಕೊಳ್ಳುತ್ತೇನೆ. ಅಮ್ಮನನ್ನು ಯಾವ ಡಾಕ್ಟರಿಗೆ ತೋರಿಸಬೇಕು ತಿಳಿಸಿ.

ಇನ್ನೊಂದು. ಹುಟ್ಟಿದ್ದು ಗಂಡೋ, ಹೆಣ್ಣೋ? ಅಮ್ಮ ಹೇಳುವುದಿಲ್ಲ. ನಂದೀಶ ನನಗೆ ಗೊತ್ತಿಲ್ಲ ಅಂದ. ಆಸ್ಪತ್ರೆಯ ಕಾಗದ ತೇಜುವಿನ ಹತ್ತಿರ ಇದೆಯಂತೆ. ನನಗೆ ತಿಳಿಯಬೇಕು. ಹಗಲೆಲ್ಲ ಸುರಂಗದೊಳಗೆ ಅದೇ ಯೋಚನೆ.

ಅಶ್ವಥ್

•

ಹೊಸಕೊಪ್ಪಲು
5 ಜನವರಿ 2025

ಅಶ್ವಥ್ ಅವರಿಗೆ,

ನಿಮ್ಮ ಪ್ರಶ್ನೆಯನ್ನು ನಾನೂ ನನಗೆ ಕೇಳಿಕೊಂಡಿದ್ದೇನೆ. ಸುಳ್ಳು ಬರೆದದ್ದು ಹೌದು. ಆಣೆ ಇತ್ತು, ಅದೊಂದೇ ಅಲ್ಲ, ನಿಮ್ಮ ಕಾಗದದ ಧಾಟಿ ನೋಡಿ ಆ ಮುದುಕಿಯನ್ನು ನಿಮ್ಮ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ. ಬರೆದಿದ್ದರೆ ನೀವು ಅಮ್ಮನ ಮಾತು ಕೇಳುತ್ತಿದ್ದಿರೋ, ಅಮ್ಮನನ್ನೂ ಮೂಲೆಗೆ ತಳ್ಳುತ್ತಿದ್ದಿರೋ ನನಗೆ ತಿಳಿಯದು. ನಿಮಗೂ ತಿಳಿಯದು. ಕೇಳುತ್ತಿದ್ದೆ ಎಂದು ಈಗ ಬರೆಯುವುದು ಸುಲಭ. ನನ್ನ ಪಾಲು ನಾನು ಹೊರುತ್ತೇನೆ, ನಿಮ್ಮಿಂದ ಹೊರಿಸಿಕೊಳ್ಳುವುದಿಲ್ಲ.

ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದಿದ್ದೀರಿ. ಬೇಡ. ವಾಪಸ್ ತೆಗೆದುಕೊಂಡರೆ ದೂರು ನಿಜವಾಗಿತ್ತು, ನೀವು ದೊಡ್ಡ ಮನಸ್ಸು ಮಾಡಿದಿರಿ ಎಂದಾಗುತ್ತದೆ. ಏನೂ ತಿಳಿಯದ ಹೆಂಗಸನ್ನು ಹೆದರಿಸಿದರು ಎಂದು ಬರೆದದ್ದು ಸುಳ್ಳು ಎಂದು ಬರೆದು ಕಳಿಸಿ. ಅವಳಿಗೆ ಎಲ್ಲ ತಿಳಿದಿತ್ತು. ಅಕ್ಕ ಎಂದು ಕರೆದಿದ್ದೀರಿ, ಅದು ಸದ್ಯಕ್ಕೆ ಬೇಡ.

ನಿಮ್ಮ ಅಮ್ಮನಿಗೆ ಆಪರೇಷನ್ ಆಯಿತು. ಡಿಸೆಂಬರ್ ಹದಿನೆಂಟರಂದು, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ. ಮೊದಲು ತಿಳಿಸಿದರೆ ನೀವು ಬೇಡ ಎನ್ನುತ್ತಿದ್ದಿರಿ ಎಂದಲ್ಲ. ಅವರು, "ಆದ್ಮೇಲ್ ಬರಿ" ಎಂದರು. ಹಿಂದಿನ ದಿನ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಸೀಟು ಸಿಕ್ಕಿದರೂ, ಕೂತರೆ ಒತ್ತುತ್ತದೆ ಎಂದು ಅವರು ಪಿರಿಯಾಪಟ್ಟಣದವರೆಗೆ ನಿಂತೇ ಬಂದರು. ಇಷ್ಟು ವರ್ಷವೂ ಅವರು ಕುಶಾಲನಗರದ ಸಂತೆಗೆ ಯಾಕೆ ನಡೆದೇ ಹೋಗುತ್ತಿದ್ದರು ಎಂದು ನನಗೆ ಅಲ್ಲಿ ಅರ್ಥವಾಯಿತು.

ಆಸ್ಪತ್ರೆಯ ಬಾಗಿಲಲ್ಲಿ ತೇಜಸ್ವಿನಿ ನಿಂತಿದ್ದಳು. ಹೇಳಿ ಕಳಿಸಿದ್ದೆ, ಬರುತ್ತಾಳೆ ಎಂದುಕೊಂಡಿರಲಿಲ್ಲ. ನಿಮ್ಮ ಅಮ್ಮ ಅವಳನ್ನು ನೋಡಿದವರೇ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ನಾನೇ ನಿನ್ನ ಕರ್ಕೊಂಡೋಗಿ ತೆಗ್ಸುದ್ನಲ್ಲವ್ವ, ನಾನೇ ತೆಗ್ಸುದ್ನಲ್ಲ" ಎಂದು ಹಣೆ ಹಣೆ ಬಡಿದುಕೊಂಡರು. ತೇಜಸ್ವಿನಿ ಸಮಾಧಾನ ಮಾಡಲಿಲ್ಲ. ಕೆಳಗೆ ಬಿದ್ದ ಅವರ ಚೀಲವನ್ನು ಎತ್ತಿಕೊಂಡಳು. ಆಮೇಲೆ, "ಹೂಂ, ನೀವೇ ತೆಗ್ಸಿದ್ದು. ಈಗ ಏಳಿ, ಚೀಟಿ ಬರ್ಸೋ ಹೊತ್ತಾಯ್ತು" ಎಂದಳು. ಮೂರು ರಾತ್ರಿ ಅವಳೇ ಮಂಚದ ಪಕ್ಕ ಮಲಗಿದಳು, ನನ್ನನ್ನು ಮನೆಗೆ ಕಳಿಸಿದಳು.

ಆಪರೇಷನ್‌ಗೆ ಮೊದಲು ನರ್ಸ್ ಬಂದು, "ಗಂಡಸ್ರು ಯಾರೂ ಬಂದಿಲ್ವಾ? ಯಾರ್ ಸೈನ್ ಹಾಕ್ತೀರಾ?" ಎಂದು ಕೇಳಿದಳು. "ಮೈ ನಂದು ಕಣವ್ವ, ಇತ್ಲಾಗ್ ಕೊಡು" ಎಂದು ನಿಮ್ಮ ಅಮ್ಮನೇ ಹೆಬ್ಬೆಟ್ಟು ಚಾಚಿದರು. ಈಗ ಚೆನ್ನಾಗಿದ್ದಾರೆ. ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ. ಮೊನ್ನೆ ಕುರ್ಚಿಯ ಮೇಲೆ ಕೂತು ಊಟ ಮಾಡಿದರು.

ತೇಜಸ್ವಿನಿ ವಾಪಸ್ ಬರುತ್ತಾಳೋ ಇಲ್ಲವೋ ನಾನು ಕೇಳಿಲ್ಲ. ನೀವೂ ನನ್ನ ಮೂಲಕ ಕೇಳಬೇಡಿ. ಅವಳಿಗೆ ಓದಲು ಬರೆಯಲು ಬರುತ್ತದೆ, ವಿಳಾಸ ನಿಮಗೆ ಗೊತ್ತು. ಒಂದು ವರ್ಷದಿಂದ ನಾವಿಬ್ಬರೂ ಅವಳ ವಿಷಯ ಬರೆಯುತ್ತಲೇ ಇದ್ದೇವೆ, ಅವಳಿಗೆ ನೀವು ಒಂದು ಸಾಲು ಬರೆದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯನ್ನು ಮಾತ್ರ ಅವಳ ಮುಂದಿಟ್ಟೆ. ನಿಮ್ಮ ಕಾಗದವನ್ನೇ ಕೈಗೆ ಕೊಟ್ಟೆ. ಆಸ್ಪತ್ರೆಯ ಅಂಗಳದಲ್ಲಿ ಬಿಸಿಲಿಗೆ ಕೂತು ಎರಡು ಸಲ ಓದಿದಳು. ಮಡಚಿ ವಾಪಸ್ ಕೊಟ್ಟಳು.

"ಗಂಡೂ ಅನ್ಬೇಡಿ, ಹೆಣ್ಣೂ ಅನ್ಬೇಡಿ ಅಕ್ಕ" ಎಂದಳು. "ಮಗು ಅಂತ ಬರೀರಿ. ಅರ್ಧ ಗಂಟೆ ಇತ್ತು ಅಂತ ಬರೀರಿ."

ಬರೆದಿದ್ದೇನೆ.

ಯಮುನ